ಜೊತೆಮಾತು

ಆಟಗಾರರ ಗುಣದೋಷಗಳನ್ನು ಕುರಿತು ನಮ್ಮಲ್ಲಿ ಚರ್ಚೆ ಯಥೇಚ್ಛವಾಗಿ ನಡೆಯುತ್ತದೆ; ಆ ಆಟವನ್ನು ದೂರದರ್ಶನದಲ್ಲಿ ನಮಗೆ ಬಣ್ಣಿಸಿ ಹೇಳುವವರ ವಿಷಯವನ್ನು ಯೋಚಿಸುವವರು ವಿರಳ. ಒಬ್ಬನೇ ಕುಳಿತು ಹೇಳಿದರೆ ಅದು ವರದಿ. ಇಬ್ಬರು ಕುಳಿತರೆ ಸಂಭಾಷಣೆ. ಆದರೆ ಎಲ್ಲ ಇಬ್ಬರಿಂದಲೂ ಅದು ಆಗತಕ್ಕ ಕೆಲಸವಲ್ಲ. ಇಬ್ಬರು ವಿದ್ವಾಂಸರನ್ನು ಒಂದೇ ವೇದಿಕೆಯ ಮೇಲೆ ಕೂರಿಸಿದ ಮಾತ್ರಕ್ಕೆ ಕಚೇರಿ ಕಳೆಗಟ್ಟುವುದೆಂದು ಯಾವ ಸಂಗೀತಸಭೆಯವರೂ ಭರವಸೆ ಕೊಡಲಾರರು.

ನಾವು ಕೇಳಿದ ಜೋಡಿಗಳಲ್ಲಿ ಮರೆಯಲಾಗದವರೆಂದರೆ ಆಸ್ಟ್ರೇಲಿಯದ ಚಾನೆಲ್ ನೈನ್ ಸಂಸ್ಥೆಯಲ್ಲಿದ್ದ ಬಿಲ್ ಲಾರಿ ಮತ್ತು ಟೋನಿ ಗ್ರೆಗ್ ಎಂಬ ಮಹನೀಯರು. (ಮೊದಲನೆಯವರ ಹೆಸರನ್ನು ಕೇಳಿ ನಮ್ಮ ಮನೆಯ ಮಕ್ಕಳು ಬಿದ್ದು ಬಿದ್ದು ನಕ್ಕದ್ದುಂಟು.) ಲಾರಿಯವರು ಆಡುತ್ತಿದ್ದ ಕಾಲದಲ್ಲಿ ನಿಧಾನಕ್ಕೆ ಹೆಸರಾದ ಎಡಗೈ ಆರಂಭಿಕರು, ಪ್ರೇಕ್ಷಕರ ತಾಳ್ಮೆಯನ್ನು ಗಂಟೆಗಟ್ಟಲೆ ಪರೀಕ್ಷಿಸಿದವರು. ಅದೇ ಮನುಷ್ಯ ಧ್ವನಿವರ್ಧಕದ ಮುಂದೆ ಕುಳಿತರೆ ಒಂದು ವಿಕೆಟ್ಟು ಬಿದ್ದ ಕೂಡಲೇ ಎಳೆಯ ಹುಡುಗನಂತೆ ಕೂಗಿಬಿಡುತ್ತಿದ್ದರು! ಗ್ರೆಗ್ಗರಾದರೋ ಆರೂವರೆ ಅಡಿ ಎತ್ತರದ ಆಳು. ಹುಟ್ಟಿದ್ದು ದಕ್ಷಿಣ ಆಫ್ರಿಕದಲ್ಲಿ, ನಾಯಕರಾದದ್ದು ಇಂಗ್ಲೆಂಡಿಗೆ, ನೆಲೆಸಿದ್ದು ಆಸ್ಟ್ರೇಲಿಯದಲ್ಲಿ. ಲಾರಿಯವರಿಗೆ ಪಾರಿವಾಳ ಸಾಕುವ ಹುಚ್ಚು. ಗ್ರೆಗ್ಗರಿಗೆ ಆ ಪಾರಿವಾಳಗಳೇ ಪರಿಹಾಸ್ಯಕ್ಕೆ ವಸ್ತು.

ಇವರಿಬ್ಬರಿಗೂ ಭಾರತದ ಋಣವುಂಟು. 1969ರಲ್ಲಿ ಲಾರಿಯವರ ತಂಡವೂ, 1976-77ರಲ್ಲಿ ಗ್ರೆಗ್ಗರ ತಂಡವೂ ಇಲ್ಲಿ 3-1ರಿಂದಲೇ ಗೆದ್ದವು. ನಮ್ಮ ಭದ್ರಾವತಿಯ ವಿಶ್ವನಾಥ್ ಕಾನ್ಪುರದಲ್ಲಿ ತಮ್ಮ ಚೊಚ್ಚಲ ಟೆಸ್ಟಿನಲ್ಲೇ 137 ಹೊಡೆದದ್ದು ಲಾರಿಯವರ ತಂಡದ ಎದುರಿಗೆ. ಗ್ರೆಗ್ಗರಿಗೆ ಆ ಸರಣಿಯಲ್ಲಿ ಒದಗಿದ ಒಂದೇ ಸೋಲು ಬೆಂಗಳೂರಿನಲ್ಲಿ, 140 ಓಟಗಳಿಂದ. ಕಲ್ಕತ್ತೆಯಲ್ಲಿ ಮಾತ್ರ ಇಬ್ಬರ ಅದೃಷ್ಟವೂ ಬೇರೆ ಬೇರೆ. ಅಲ್ಲಿ ಲಾರಿಯವರು ಛಾಯಾಗ್ರಾಹಕನೊಬ್ಬನೊಡನೆ ಜಟಾಪಟಿಗೆ ಬಿದ್ದು ಜನರ ಕೋಪಕ್ಕೆ ಗುರಿಯಾದರು. ಗ್ರೆಗ್ಗರು ಜ್ವರದಲ್ಲಿಯೇ ಏಳು ಗಂಟೆಗೂ ಮಿಕ್ಕಿ ಆಡಿ 103 ಗಳಿಸಿ ಅದೇ ಜನರ ಪ್ರೀತಿಯನ್ನು ಗೆದ್ದುಕೊಂಡರು.

ಇನ್ನೊಂದು ಸಾಮ್ಯವೂ ಉಂಟು. ಇಬ್ಬರೂ ನಾಯಕಪಟ್ಟವನ್ನು ಅವಮಾನದಿಂದ ಕಳೆದುಕೊಂಡವರು. 1971ರಲ್ಲಿ ಲಾರಿಯವರನ್ನು ಸರಣಿ ಮುಗಿಯುವ ಮೊದಲೇ ತೆಗೆದುಹಾಕಿದರು, ಮುಖತಃ ತಿಳಿಸುವ ಸೌಜನ್ಯವನ್ನೂ ತೋರಲಿಲ್ಲ. 1977ರಲ್ಲಿ ಕೆರಿ ಪ್ಯಾಕರ್ ಎಂಬ ಧನಿಕರು ಬೇರೆಯೇ ಪಂದ್ಯಾವಳಿ ಹೂಡಿದಾಗ, ಅದಕ್ಕೆ ಆಟಗಾರರನ್ನು ಕೂಡಿಸಿಕೊಟ್ಟರೆಂದು ಗ್ರೆಗ್ಗರ ಪಟ್ಟವೂ ಹೋಯಿತು. ಪಾರಿವಾಳ, ಹುಟ್ಟಿದೂರು, ಟೋಪಿ, ಎಲ್ಲವನ್ನೂ ಹಿಡಿದು ಒಬ್ಬರನ್ನೊಬ್ಬರು ಹಂಗಿಸುತ್ತಿದ್ದವರು, ನಾವು ಕೇಳಿದ ಮಟ್ಟಿಗೆ, ಈ ಗಾಯವನ್ನು ಮಾತ್ರ ಕೆದಕಿದವರಲ್ಲ. ಈಗಿನ ಕೆಲವು ಕಾರ್ಯಕ್ರಮಗಳಲ್ಲಿ ಅಪ್ಪಣೆಯ ಮೇರೆಗೆ ನಗುವ ನಿರೂಪಕರನ್ನು ನೋಡಿದಾಗ ನಮಗೆ ಕೊರತೆಯೆನಿಸುವುದು ಹಾಸ್ಯವಲ್ಲ, ಈ ಎಚ್ಚರ.

ನಮ್ಮ ಮನೆಗೆ ಈ ಜೋಡಿಯಿಂದ ಆದ ಉಪಕಾರವನ್ನು ಹೇಳದಿರಲಾರೆವು. ತಿಪಟೂರಿನ ಬಳಿಯ ನಮ್ಮ ತೆಂಗಿನ ತೋಟ ಪಾಲಾದ ಮೇಲೆ ತಂದೆಯವರಿಗೂ ದೊಡ್ಡಪ್ಪನವರಿಗೂ ಮಾತು ನಿಂತು ಹನ್ನೊಂದು ವರ್ಷಗಳಾಗಿದ್ದುವು. ಮನೆ ಒಂದೇ, ನಡುವೆ ಗೋಡೆ. ದೂರದರ್ಶನವಿದ್ದುದು ನಮ್ಮ ಕಡೆಗೆ. 1999ರ ಡಿಸೆಂಬರಿನಲ್ಲಿ ಭಾರತ ತಂಡ ಮೆಲ್ಬರ್ನಿನಲ್ಲಿ ಆಡಿದಾಗ, ದೊಡ್ಡಪ್ಪನವರು ಬೆಳಗ್ಗೆ ಐದು ಗಂಟೆಗೆ ಶಾಲು ಹೊದ್ದು ಬಂದು, ಯಾರನ್ನೂ ಮಾತನಾಡಿಸದೆ, ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತುಕೊಳ್ಳುವರು. ಆಟದ ಮೋಹ ಅಷ್ಟು! ಅಮ್ಮನವರು ಎರಡು ಲೋಟ ಕಾಫಿಯನ್ನು ತಂದಿಟ್ಟು ಒಳಗೆ ಹೋಗುವರು.

ದೊಡ್ಡಪ್ಪನವರಿಗೆ ಇಂಗ್ಲಿಷು ಬಾರದು. ಎರಡನೆಯ ದಿನವೋ ಮೂರನೆಯ ದಿನವೋ, ಗ್ರೆಗ್ಗರು ಪಾರಿವಾಳದ ಮಾತೆತ್ತಿ ಲಾರಿಯವರನ್ನು ಕೆಣಕಿದರು. ತಂದೆಯವರು ತಡೆಯಲಾರದೆ ಗಟ್ಟಿಯಾಗಿ ನಕ್ಕರು. ಬೆಂಚಿನ ಕಡೆಯಿಂದ, "ಏನಂತೆ?" ಎಂದು ಕೇಳಿಸಿತು. ಸ್ವಲ್ಪ ಹೊತ್ತು ಮೌನ. ಆಮೇಲೆ ತಂದೆಯವರು ಪರದೆಯಿಂದ ಕಣ್ಣು ತೆಗೆಯದೆಯೇ, "ಅವರ ಮನೆ ಪಾರಿವಾಳಕ್ಕೆ ಅವರಿಗಿಂತ ಬೇಗ ಓಡೋಕೆ ಬರತ್ತಂತೆ, ಅಣ್ಣಯ್ಯ" ಎಂದರು. ಗ್ರೆಗ್ಗರು ನಿಜವಾಗಿ ಹಾಗೆಯೇ ಹೇಳಿದರೋ ಇಲ್ಲವೋ ಎಂದು ಯಾರು ವಿಚಾರಿಸಿದರು! ಆ ದಿನದಿಂದ ತಂದೆಯವರು ದುಭಾಷಿಗಳಾದರು. ಬೆಂಚು ದಿನದಿನಕ್ಕೆ ಒಂದೊಂದು ಗೇಣು ಒಳಗೆ ಸರಿಯಿತು. ಸರಣಿಯನ್ನು ನಮ್ಮವರು 3-0ರಿಂದ ಸೋತರು. ತೋಟದ ಮಾತನ್ನು ಅವರಿಬ್ಬರೂ ಕಡೆಯವರೆಗೂ ಎತ್ತಲಿಲ್ಲ.

ಗ್ರೆಗ್ಗರು 2012ರ ಡಿಸೆಂಬರ್ 29ರಂದು ತೀರಿಕೊಂಡರು. ದೊಡ್ಡಪ್ಪನವರು ಅದಕ್ಕೆ ಮೂರು ವರ್ಷ ಮೊದಲೇ ಹೋಗಿದ್ದರು. ಪತ್ರಿಕೆಯಲ್ಲಿ ಸುದ್ದಿಯನ್ನು ಓದಿ ಮಡಿಸಿಟ್ಟು ತಂದೆಯವರು, "ಪಾಪ, ಆ ಲಾರಿ ಇನ್ನು ಯಾರ ಸಂಗಡ ಜಗಳವಾಡಬೇಕು?" ಎಂದರು. ಲಾರಿಯವರು ಆಮೇಲೆಯೂ ಕೆಲವು ವರ್ಷ ಅದೇ ಕೆಲಸದಲ್ಲಿದ್ದು, ಚಾನೆಲ್ ನೈನ್ ಪ್ರಸಾರದ ಹಕ್ಕನ್ನು ಕಳೆದುಕೊಂಡ 2018ರಲ್ಲಿ ನಿವೃತ್ತರಾದರು.