ಅವ್ವನ ಸಂಚಿ, ನನ್ನ ಬಳಪ

ಅವ್ವನ ಸೊಂಟದಲ್ಲಿ ಯಾವಾಗಲೂ ಒಂದು ಸಂಚಿ ಇರುತ್ತಿತ್ತು. ಹಳೇ ಸೀರೆಯ ತುಂಡಿನಿಂದ ತಾನೇ ಹೊಲಿದುಕೊಂಡಿದ್ದು. ಒಂದು ಖಾನೆಯಲ್ಲಿ ಎಲಿ-ಅಡಿಕಿ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಮೂರನೆಯದರಲ್ಲಿ ತಂಬಾಕು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರೆ, ಅವ್ವ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ರಾಟಿ ತಿರುಗಿಸುತ್ತಿದ್ದಳು. ಲಾಳಿಗೆ ಕಂಡಿಕೆ ಸಾಲದೆ ಮಗ್ಗ ನಿಲ್ಲಬಾರದು. ಹಸಿವಾಗಲಿ, ಬೆನ್ನು ನೋಯಲಿ, ಕಣ್ಣು ಎಳೆಯಲಿ, ಒಂದು ಚಿಟಿಕೆ ತಂಬಾಕು ದವಡೆಗೆ ಸೇರುತ್ತಿತ್ತು. ಓಣಿಯ ಹೆಂಗಸರೆಲ್ಲ ಹಾಗೇ ದಿನ ದೂಡುತ್ತಿದ್ದರು. ಅದಕ್ಕೆ ಯಾರೂ ಚಟ ಅನ್ನುತ್ತಿರಲಿಲ್ಲ.

ನನಗಿದ್ದದ್ದು ಬಳಪ ತಿನ್ನುವ ಚಟ. ಪಾಟಿಯ ಮೇಲೆ ಬರೆದದ್ದಕ್ಕಿಂತ ಹೊಟ್ಟೆಗೆ ಹೋದದ್ದೇ ಹೆಚ್ಚು. ಮಳೆ ಬಿದ್ದ ಮಣ್ಣಿನಂಥ ಅದರ ವಾಸನೆ ಈಗಲೂ ಮೂಗಿನಲ್ಲಿದೆ. ಮುಖ ಬಿಳಿಚಿಕೊಂಡಿತ್ತು, ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು. ಮೈಯಲ್ಲಿ ಕಬ್ಬಿಣದಂಶ ಕಡಿಮೆಯಾದಾಗ ಇಂಥ ಆಸೆ ಹುಟ್ಟುವುದುಂಟು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವ್ವ ಬೈದಳು, ಬಡಿದಳು. ನಾನು ಬಿಡಲಿಲ್ಲ.

ನಮ್ಮೂರ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಿದ್ದರು. ಕಾಳು ಕಡಿ ಬೇಡಲಿಕ್ಕಲ್ಲ, ಮಂದಿಯ ಚಟ ಬೇಡಲಿಕ್ಕೆ. ಬೀಡಿ, ಸೆರೆ, ತಂಬಾಕು, ಯಾವುದಿದ್ದರೂ ಆ ಜೋಳಿಗೆಗೆ ಹಾಕಿ ಕೈ ತೊಳೆದುಕೊಳ್ಳಬೇಕು. ಅವರು ಹುಟ್ಟಿದ ದಿನ, ಆಗಸ್ಟ್ 1, ಈಗ ನಾಡಿಗೆಲ್ಲ ವ್ಯಸನಮುಕ್ತ ದಿನ. ನಾನು ಐದನೇತ್ತ ಓದುವಾಗ ಆ ಜೋಳಿಗೆ ನಮ್ಮ ಓಣಿಗೂ ಬಂತು. ಹೊಸ್ತಿಲಲ್ಲಿ ನಿಂತ ಅವ್ವನ ಕೈ ಸೊಂಟದವರೆಗೆ ಹೋಗಿ ಅಲ್ಲೇ ಉಳಿಯಿತು. ಜೋಳಿಗೆ ಮುಂದಿನ ಮನೆಗೆ ಹೋಯಿತು.

ರಾತ್ರಿ ಅವಳ ಮಗ್ಗುಲಲ್ಲಿ ಮಲಗಿ ಕೇಳಿದೆ: "ನೀ ಯಾಕ ಹಾಕ್ಲಿಲ್ಲಬೇ?"

ಬಹಳ ಹೊತ್ತು ಮಾತಿಲ್ಲ. ಆಮೇಲೆ, "ನೀ ಬಳಪ ಬಿಡ್ತಿ ಏನು? ನೀ ಬಿಟ್ರ ನಾನೂ ಬಿಡ್ತೀನಿ" ಅಂದಳು.

ಮರುದಿನ ಇಬ್ಬರೂ ಮಠಕ್ಕೆ ಹೋಗಿ ಬಂದೆವು. ಬಿಡುವುದು ಅಷ್ಟು ಸುಲಭವಿರಲಿಲ್ಲ. ಮೊದಲ ಎಂಟು ದಿನ ಅವ್ವನಿಗೆ ತಲೆಶೂಲೆ, ಸಿಟ್ಟು. ಕೈ ನಡುಗಿ ನೂಲು ಹರಿಯುತ್ತಿತ್ತು. ನನಗೆ ಸಾಲಿಯಲ್ಲಿ ಪಕ್ಕದವಳ ಬಳಪ ಕಂಡರೆ ಬಾಯಲ್ಲಿ ನೀರು. ಅದಕ್ಕೆ ಅವಳೇ ಉಪಾಯ ಹುಡುಕಿದಳು. ಆಸೆ ಎದ್ದಾಗ ಕೂತಿರಬಾರದು, ಎದ್ದು ನಡೆಯಬೇಕು. "ಯವ್ವಾ, ನನಗ ಆಗೇತಿ" ಅಂದರೆ ಸಾಕು, ರಾಟಿ ಬಿಟ್ಟು ಏಳುತ್ತಿದ್ದಳು. ಊರ ಅಂಚಿನವರೆಗೆ ಹೋಗಿ ತಿರುಗಿ ಬರುವುದರಲ್ಲಿ ಆಸೆ ಇಳಿದಿರುತ್ತಿತ್ತು. ಸಂಚಿಯ ಮೂರನೇ ಖಾನೆಗೆ ಹುರಿದ ಅಗಸಿ, ಬಡೇಸೋಪು ಬಂದವು. ನನ್ನ ಪಾಟಿಚೀಲಕ್ಕೆ ಶೇಂಗಾ ಬೆಲ್ಲ.

ಊಟವೂ ಬದಲಾಯಿತು. ಅಲ್ಲಿಯವರೆಗೆ ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದ ಅವ್ವ, ನನ್ನ ಕಾವಲಿಗೆಂದು ನನ್ನ ಜೊತೆಗೇ ಕೂತು ಉಣ್ಣತೊಡಗಿದಳು. ಈ ಒಂದು ಮಾತು ನನಗೆ ಎಲ್ಲಕ್ಕಿಂತ ದೊಡ್ಡದು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಅಗಸಿ ಹಿಂಡಿ, ಮೇಲೆ ಕೆನೆಮೊಸರು. ಹುನಗುಂದದ ಆಯಿಯ ಎರೆಹೊಲಕ್ಕೆ ಹೋದರೆ ಜೋಳದ ಸಾಲಿನಲ್ಲಿ ಇಬ್ಬರೂ ಬಗ್ಗಿ ಹಕ್ಕರಿಕಿ ಕೀಳುತ್ತಿದ್ದೆವು. ತೊಳೆದು ಹಸಿಯದನ್ನೇ ರೊಟ್ಟಿಯಲ್ಲಿ ಸುತ್ತಿ ಕೊಡುತ್ತಿದ್ದಳು. ಕಹಿ ಎಂದು ಮುಖ ಕಿವುಚಿದರೆ ತಾನು ಇನ್ನೂ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟುಕೊಳ್ಳುತ್ತಿದ್ದಳು.

ಒಂದು ವರ್ಷ ಬಾದಾಮಿಯ ಬನಶಂಕರಿಗೆ ಪಲ್ಲೇದ ಹಬ್ಬಕ್ಕೇ ಕರೆದೊಯ್ದಳು. ತೇರಿಗೆ ಮುಂಚಿನ ದಿನ 108 ಬಗೆಯ ಕಾಯಿಪಲ್ಲೆ ದೇವಿಗೆ ನೈವೇದ್ಯ, ಬನಶಂಕರಿ ಶಾಕಾಂಬರಿಯಲ್ಲವೆ. ಹೊರಗೆ ಬುಟ್ಟಿ ಹೊತ್ತ ಹೆಂಗಸರ ಹತ್ತಿರ ರೊಟ್ಟಿ, ಗಡಿಗೆಮೊಸರು ಕೊಂಡು ಹೊಂಡದ ದಂಡೆಗೆ ಕೂತೆವು. "ತಾಯಿನ ಇಷ್ಟು ತೊಪ್ಪಲ ಉಣ್ಣತಾಳ, ನಿನಗೇನ ಧಾಡಿ?" ಎಂದು ನಕ್ಕಳು. ಕರೆಗಟ್ಟಿದ ಹಲ್ಲಿನ ಆ ನಗು ಎಷ್ಟು ಚಂದವಿತ್ತು!

ಮದುವೆಯಾಗಿ ನಾನು ಬಾಗಲಕೋಟೆಗೆ ಬಂದೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರು ಬಿಡುವ ಮಂದಿ ನವನಗರದಲ್ಲಿ ಮನೆ ಕಟ್ಟುತ್ತಿದ್ದ ಕಾಲ. ಸೆಕ್ಟರುಗಳ ಅಗಲ ರಸ್ತೆ, ನೆರಳಿಲ್ಲ. ಬಸುರಿಯಾದ ಐದನೇ ತಿಂಗಳಿಗೆ ಬಳಪದ ಆಸೆ ಮರಳಿ ಬಂತು. ಯಾರಿಗೂ ಹೇಳದೆ ಒಂದು ಡಬ್ಬಿ ತರಿಸಿ ಅಕ್ಕಿ ಡಬರಿಯಲ್ಲಿ ಬಚ್ಚಿಟ್ಟೆ. ಅದೇ ವಾರ ಅಮೀನಗಡದ ಕರದಂಟು ಕಟ್ಟಿಸಿಕೊಂಡು ಅವ್ವ ಬಂದಳು. ಅಡುಗೆಗೆಂದು ಅಕ್ಕಿಗೆ ಕೈ ಹಾಕಿದವಳು ಸುಮ್ಮನೆ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ಬೈಯಲಿಲ್ಲ. ಸೊಂಟದ ಸಂಚಿ ಬಿಚ್ಚಿ ಒಂದು ಚಿಟಿಕೆ ಅಗಸಿ ನನ್ನ ಕೈಗೆ ಹಾಕಿ, ಸೆರಗು ಹೊದ್ದುಕೊಂಡಳು.

"ನನಗೂ ಇವತ್ತ ತಂಬಾಕದ ನೆನಪ ಭಾಳ ಆಗೇತಿ. ಏಳು, ನಡಕೋತ ಹೋಗಿ ಬರೂಣು."