ಕೇಳಿದ ಮೇಲೆ ದೊರೆತದ್ದು

ಹೊಳೆನರಸೀಪುರದ ನಮ್ಮ ಕೆಲವು ಯುವಕರು ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಗಣಕಯಂತ್ರಕ್ಕೆ ಸೇರಿಸಿ, ಯಾರು ಬೇಕಾದರೂ ಮನೆಯಲ್ಲಿಯೇ ಓದುವಂತೆ ಮಾಡುವ ಕೆಲಸಕ್ಕೆ ಕೈಹಾಕಿದರು. ಪ್ರಕಾಶಕರಿಂದ ಅಪ್ಪಣೆ ಪಡೆಯುವ ಭಾರವು ನನ್ನ ಪಾಲಿಗೆ ಬಂದಿತು. ಒಂದು ಕಾಗದ ಬರೆದರೆ ಮುಗಿಯಿತೆಂದು ನಾನೂ ಹಗುರವಾಗಿ ಒಪ್ಪಿಕೊಂಡೆನು.

ನಮ್ಮ ದೇಶದ ಕಾನೂನಿನಂತೆ ಗ್ರಂಥಸ್ವಾಮ್ಯವು ಗ್ರಂಥಕರ್ತರು ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷಗಳವರೆಗೆ ಉಳಿದಿರುತ್ತದೆ. 1946ರಲ್ಲಿ ಕಾಲವಾದ ಬಿ. ಎಂ. ಶ್ರೀಕಂಠಯ್ಯನವರು ಬದುಕಿದ್ದಾಗಲೇ ಅಚ್ಚಾದ ಕೃತಿಗಳಿಗೆ ಇಂದು ಯಾರ ಅಪ್ಪಣೆಯೂ ಬೇಡ. ಆದರೆ ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತೀರಿಕೊಂಡುದು 1991ರಲ್ಲಿ; ಅವರ ‘ಹಳ್ಳಿಯ ಚಿತ್ರಗಳು’ ಎಷ್ಟು ಹಳೆಯದಾದರೂ 2051 ಕಳೆಯುವವರೆಗೆ ಕೇಳದೆ ಮುಟ್ಟುವಂತಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಪುಸ್ತಕದ ವಯಸ್ಸಲ್ಲ.

ನಮ್ಮ ಮೊದಲ ಪುಸ್ತಕ, ನನ್ನ ತಾಯಿ ಓದುತ್ತಿದ್ದ ಒಂದು ಕಥಾಸಂಗ್ರಹ. ಗ್ರಂಥಕರ್ತರು ಕಾಲವಾಗಿ ನಾಲ್ವತ್ತು ವರ್ಷಗಳಷ್ಟೇ ಆಗಿದ್ದವು. ಪ್ರಕಾಶಕರಿಗೆ ಬರೆದೆನು, ಮೂರು ತಿಂಗಳು ಉತ್ತರವಿಲ್ಲ. ಮೌನವೇ ಸಮ್ಮತಿಯೆಂದರು ಹುಡುಗರು. ಹಾಳೆಗಳೋ ಮುಟ್ಟಿದರೆ ಪುಡಿಯಾಗುತ್ತಿದ್ದವು. ನನ್ನ ಮನಸ್ಸೂ ಜಾರಿತು. ಆದರೂ ಇನ್ನೊಂದು ಕಾಗದ ಬರೆದೆನು. ‘ನಮಗಿದ್ದುದು ಒಂದು ಆವೃತ್ತಿಯ ಹಕ್ಕು ಮಾತ್ರ, ಅವರ ಮನೆಯವರನ್ನು ಕೇಳಿರಿ’ ಎಂದು ಉತ್ತರ ಬಂದಿತು.

ಅವರ ಮಗಳು ಚನ್ನರಾಯಪಟ್ಟಣದಲ್ಲಿದ್ದರು, ವಯಸ್ಸಾದವರು. ಕಾಫಿ ಕೊಟ್ಟು, ನನ್ನ ಪತ್ರವನ್ನು ಎರಡು ಸಲ ಓದಿದರು.

“ಇದರಿಂದ ಹಣವೇನಾದರೂ ಬರುವುದೆ?”

“ನಮಗೂ ಬಾರದು, ತಮಗೂ ಬಾರದು, ತಾಯಿ.”

ಅವರು ನಕ್ಕರು. “ತಂದೆಯವರ ಕಥೆಗಳನ್ನು ಎಷ್ಟೋ ಜನ ಅಚ್ಚು ಹಾಕಿಸಿದರು. ಕೇಳಿಕೊಂಡು ಮನೆಗೆ ಬಂದವರು ನೀವೇ ಮೊದಲು.” ರುಜು ಮಾಡಿ, “ನನ್ನ ತಮ್ಮನೂ ಹಕ್ಕುದಾರನೇ, ಅವನ ರುಜುವೂ ಆಗಲಿ” ಎಂದರು.

ಆಮೇಲೆ ಒಳಗಿನಿಂದ ಒಂದು ಪ್ರತಿಯನ್ನು ತಂದರು. ಅದರ ಅಂಚುಗಳಲ್ಲೆಲ್ಲ ಗ್ರಂಥಕರ್ತರ ಕೈಯ ತಿದ್ದುಪಡಿಗಳು. ಅಚ್ಚಿನಲ್ಲಿ ಬಿಟ್ಟುಹೋಗಿದ್ದ ಒಂದು ಕಥೆಯ ಕೊನೆಯ ಭಾಗವನ್ನು ಹಾಳೆಯಲ್ಲಿ ಬರೆದು ಅಂಟಿಸಿದ್ದರು. ಆ ಕಥೆ ಅಲ್ಲಿಗೇ ನಿಲ್ಲುವುದೇಕೆಂದು ನನ್ನ ತಾಯಿ ಕೊನೆಯವರೆಗೂ ಕೇಳುತ್ತಿದ್ದಳು!

ಇಂಥ ಕೆಲಸಕ್ಕೆ ತೊಡಗುವವರಿಗೆ ನನ್ನ ಅನುಭವದ ಮಾತಿಷ್ಟೆ: ಯಾವ ಪುಸ್ತಕ, ಯಾವ ಆವೃತ್ತಿ, ಓದುವುದಕ್ಕೆ ಮಾತ್ರವೋ ಪ್ರತಿ ಮಾಡಿಕೊಳ್ಳುವುದಕ್ಕೂ ಉಂಟೋ, ಎಂಬುದನ್ನೆಲ್ಲ ಪತ್ರದಲ್ಲಿ ಬಿಡಿಸಿ ಬರೆಯಿರಿ. ಹಕ್ಕುದಾರರೆಲ್ಲರ ರುಜುಗಳನ್ನು ಪಡೆಯಿರಿ. ಸಾಧ್ಯವಾದರೆ ಪತ್ರವನ್ನು ಅಂಚೆಗೆ ಹಾಕದೆ ನೀವೇ ಕೊಂಡೊಯ್ಯಿರಿ.