ಅವ್ವಗ ಓದಿ ಹೇಳುವಾಗ

ಫರಕ್ಕಾ, ಪಶ್ಚಿಮ ಬಂಗಾಳ
31 ಡಿಸೆಂಬರ್ 2024

ಅಕ್ಕಾ,

ಎಳ್ಳಮಾಸಿಗೆ ನೀ ಅಫಜಲಪುರದಿಂದ ಇಜೇರಿಗೆ ಬಂದಿ ಅಂತ ಅವ್ವ ಫೋನಿನ್ಯಾಗ ಹೇಳಿದಳು. ಈ ಪತ್ರ ಮುಟ್ಟಿದ ಮ್ಯಾಲೂ ಅಲ್ಲೇ ಇರು, ಸಂಕ್ರಮಣ ಮುಗಿಸಿಕೊಂಡೇ ಹೋಗು. ಮಾಮಾಗ ನಾ ಹೇಳೀನಿ ಅನ್ನು.

ಫೋನ್ ಇದ್ದಾಗ ಪತ್ರ ಯಾಕ ಅಂತ ಮಾಮಾ ನಗ್ತಾರ, ಗೊತ್ತದ. ಆದ್ರ ಫೋನಿನ್ಯಾಗ ಅವ್ವ ಯಾವಾಗಲೂ ಮೂರೇ ಮಾತು ಕೇಳ್ತಾಳ: ಉಂಡ್ಯಾ, ಆರಾಮ ಅದೀ, ಯಾವಾಗ ಬರ್ತಿ. ಮೊನ್ನೆ ಮಾತ್ರ ನಾಕನೇದು ಕೇಳಿದಳು. "ಸಮುದ್ರ ಹ್ಯಾಂಗಿರ್ತದಪಾ?" ಹಡಗ ಹತ್ತಿ ಎಂಟು ವರ್ಷ ಆದ ಮ್ಯಾಲ ಕೇಳಿದಳು ನೋಡು. "ಭಾಳ ದೊಡ್ಡದಿರ್ತದವ್ವಾ" ಅಂದೆ, ಅಷ್ಟರಾಗ ಸಿಗ್ನಲ್ ಹೋಯ್ತು. ಹೋದದ್ದು ಛಲೋನೇ ಆಯ್ತು. ಮುಂದ ಹೇಳ್ಲಿಕ್ಕೆ ನನ್ನ ಹತ್ರ ಏನೂ ಇರಲಿಲ್ಲ.

ಅದಕ್ಕ ಈ ಪತ್ರ. ಇದನ್ನ ಅಕಿಗೆ ಓದಿ ಹೇಳು. ನಾ ಎಲ್ಲಿ 'ಓದಬ್ಯಾಡ' ಅಂತ ಬರೀತೀನೋ ಅಲ್ಲಿ ಬಿಟ್ಟು ಮುಂದಿಂದು ಓದು. ದನಿ ಮಾತ್ರ ತಡೀಬಾರದು, ಅಕಿ ತಟ್ಟನೆ ಹಿಡೀತಾಳ.

ಈಗ ನಾ ಕೆಲಸ ಮಾಡೂ ಹೊಳಿ ಬೋಟು ಫರಕ್ಕಾದ ಲಾಕ್ ಮುಂದ ನಿಂತದ. ಮುಂದ ಸರಕಿನ ಬಾರ್ಜು, ಹಿಂದ ನಾವು. ಪಾಳಿ ಬರೂತನಕ ಕಾಯೂದೇ ಕೆಲಸ. ಪ್ರವಾಸಿಗಳೆಲ್ಲ ಮ್ಯಾಲಿನ ಡೆಕ್ಕಿನ್ಯಾಗ ಚಹಾ ಕುಡೀಲಿಕತ್ಯಾರ. ನೀವು ಟೀವಿಯೊಳಗ ನೋಡಿದ ಗಂಗಾ ವಿಲಾಸ ಇದಲ್ಲ ಮತ್ತ. ಅದು 2023ರ ಜನವರಿ 13ಕ್ಕ ವಾರಾಣಸಿ ಬಿಟ್ಟು 51 ದಿನದಾಗ 27 ಹೊಳಿ ದಾಟಿ ದಿಬ್ರುಗಢಕ್ಕ ಹೋಗೂ ಲೆಕ್ಕದಾಗ ಹೊಂಟಿತ್ತು, 3200 ಕಿಲೋಮೀಟರ್. ನಮ್ದು ಅದಕ್ಕಿಂತ ಸಣ್ಣದು, ಹಳೇದು. ಕೋಲ್ಕತ್ತಾದಿಂದ ಮ್ಯಾಲಕ್ಕ ಹೊಂಟೀವಿ.

ಇನ್ನ ಸಮುದ್ರದ ಮಾತು. ಇಲ್ಲಿಂದ ಓದಬ್ಯಾಡ.

2015ರಾಗ ತೊಗರಿ ರೇಟ್ ಏರಿದಾಗ ಅಪ್ಪ ಎಲ್ಲಾ ಮಾರಿ ನನ್ನ ಟ್ರೇನಿಂಗಿಗೆ ರೊಕ್ಕ ಕೊಟ್ಟದ್ದು ನಿನಗ ಗೊತ್ತದ. ಕಲಬುರಗಿಯಿಂದ ರೈಲಿಗೆ ಮುಂಬೈ, ಅಲ್ಲಿ ಬೆಂಕಿ ಆರಿಸೂದು, ಈಜೂದು, ಲೈಫ್ ಜಾಕೆಟ್ ಕಟ್ಟೂದು ಕಲಿಸಿದ್ರು. ಆಮ್ಯಾಲ ಹಡಗಿನವರ ಸೀಡಿಸಿ ಪುಸ್ತಕ, ಅಮೆರಿಕದ ವೀಸಾ, ಮಯಾಮಿಗೆ ವಿಮಾನ. ಅವ್ವ ಊರ ತುಂಬ "ನನ್ನ ಮಗ ಹಡಗ ನಡಸ್ತಾನ" ಅಂತ ಹೇಳಿದಳು. ಟ್ರೇನಿಂಗ್ ಸೆಂಟರಿನ್ಯಾಗ ಚಕ್ರ ಹಿಡಕೊಂಡು ತೆಗೆಸಿದ ಫೋಟೋನೂ ನಾನೇ ಕಳಿಸಿದ್ದೆ. ಅದು ಇವತ್ತಿಗೂ ಶರಣಬಸಪ್ಪನ ಫೋಟೋದ ಬಾಜೂಕ ಗ್ವಾಡಿ ಮ್ಯಾಲದ. ಊರಿಗೆ ಬಂದಾಗೆಲ್ಲ ಅದರ ಕಡಿ ಬೆನ್ನು ಮಾಡಿ ಕೂಡ್ತೀನಿ.

ಅಕ್ಕಾ, ನಾ ಮೊದಲನೇ ಎಂಟು ತಿಂಗಳು ಭಾಂಡೆ ತೊಳದೆ. ಹಡಗಿನ ಅಡಗಿಮನಿಯೊಳಗ ಅದಕ್ಕ ಗ್ಯಾಲಿ ಯುಟಿಲಿಟಿ ಅಂತ ಛಂದ ಹೆಸರದ. ಎರಡನೇ ಸಲ ಹೋದಾಗ ಖೋಲಿ ಸ್ವಚ್ಛ ಮಾಡೂ ಕೆಲಸ ಸಿಕ್ತು, ಅದೇ ಬಡ್ತಿ. ಹದಿನೆಂಟು ಖೋಲಿ, ದಿನಕ್ಕ ಎರಡು ಸಲ. ಹಾಸಿಗಿ ಬಿಚ್ಚಿ ಕಟ್ಟೂದು, ಬಚ್ಚಲ ತಿಕ್ಕೂದು, ಸಂಜಿಗೆ ಟವೆಲ್ ಮಡಚಿ ಆನಿ, ಮಂಗ, ಹಂಸ ಮಾಡಿ ಹಾಸಿಗಿ ಮ್ಯಾಲ ಇಡೂದು. ಆನಿ ಸೊಂಡಿಲು ನಿಂದ್ರಿಸೂದು ಕಲೀಲಿಕ್ಕೆ ನನಗ ಹದಿನೈದು ದಿನ ಹಿಡೀತು. ಎರಡು ಟವೆಲ್ ಬೇಕು. ಒಂದನ್ನ ಎರಡೂ ಕಡಿಯಿಂದ ಸುತ್ತಿ ನಡುವ ಮಡಚಿದ್ರ ನಾಕು ಕಾಲು. ಇನ್ನೊಂದರ ತುದಿ ಬಿಗಿಯಾಗಿ ಸುತ್ತಿದ್ರ ಸೊಂಡಿಲು, ಸಡಿಲಾದ್ರ ಹಂದಿ ಮಾರಿ ಆಗ್ತದ. ಒಂದು ಅಮೆರಿಕದ ಹುಡುಗಿ ಏಳು ದಿನದ ಏಳೂ ಪ್ರಾಣಿ ಬಿಚ್ಚಲಾರದೆ ಸಾಲಾಗಿ ಇಟ್ಟಿತ್ತು, ಟವೆಲ್ ಕಡಿಮಿ ಬಿದ್ದು ನಾ ಲಾಂಡ್ರಿಯವನ ಹತ್ರ ಬೈಸಿಕೊಂಡೆ. ನಿನ್ನ ಸಣ್ಣಾಕಿಗೆ ಹೇಳು, ಊರಿಗೆ ಬಂದಾಗ ಮಾಡಿ ತೋರಿಸ್ತೀನಿ.

ಮಲಗೂದು ನೀರಿನ ಮಟ್ಟಕ್ಕಿಂತ ಕೆಳಗ. ಖಿಡಕಿ ಇಲ್ಲ. ಮ್ಯಾಲೊಬ್ಬ, ಕೆಳಗೊಬ್ಬ. ನನ್ನ ಮ್ಯಾಲ ಇಂಡೋನೇಷ್ಯಾದವ ಇದ್ದ. ದೀಪ ಆರಿಸಿದ್ರ ಹಗಲೋ ರಾತ್ರಿಯೋ ತಿಳೀಲಾರದು, ತಲಿ ಹತ್ರ ನೀರು ಹಡಗಿಗೆ ಬಡಿಯೂ ಸಪ್ಪಳ ಮಾತ್ರ. ಹಡಗಿನ ಮಂದಿಗೆ 24 ತಾಸಿನ್ಯಾಗ 10 ತಾಸು ವಿಶ್ರಾಂತಿ ಕೊಡಬೇಕು ಅಂತ 2006ರ ಅಂತರರಾಷ್ಟ್ರೀಯ ಒಪ್ಪಂದದಾಗ ಅದ. ಆದ್ರ ಆ ಹತ್ತನ್ನ ಎರಡು ತುಂಡು ಮಾಡಬಹುದು. ಸಣ್ಣ ತುಂಡು ಬಟ್ಟೆ ಒಗೀಲಿಕ್ಕೆ, ಊಟದ ಪಾಳಿಗೆ ಹೋಗ್ತಿತ್ತು. ಸಮುದ್ರ ನೋಡ್ಲಿಕ್ಕೆ ಉಳಿತಿದ್ದದ್ದು ಹಡಗಿನ ಮೂತಿಯೊಳಗ ನಮ್ಮಂಥವರಿಗೆ ಬಿಟ್ಟ ಸಣ್ಣ ಜಾಗದಾಗ ಒಂದರ್ಧ ತಾಸು. ಅದೂ ಕತ್ತಲಾದ ಮ್ಯಾಲ.

ಇಲ್ಲಿಂದ ಓದು.

ಪನಾಮಾ ಕಾಲುವೆ ಬಗ್ಗೆ ಅಪ್ಪಗ ಹೇಳಬೇಕು ಅಂತ ಎಷ್ಟೋ ವರ್ಷ ಆಯ್ತು. ಅಂವಾ ಜೇವರ್ಗಿ ಕೆನಾಲಿನ ನೀರಿಗೆ ಕಾದ ಮನಶ್ಯಾ, ಅಂವಗೇ ತಿಳೀತಿತ್ತು. ಎರಡು ಮಹಾಸಾಗರದ ನಡುವ 82 ಕಿಲೋಮೀಟರಿನ ಹಾದಿ ಅದು, 1914ರ ಆಗಸ್ಟ್ 15ಕ್ಕ ಶುರುವಾಗಿದ್ದು. ನಡುವ ಗುಡ್ಡ ಬಂತಲ್ಲ, ಅದನ್ನ ಸಮುದ್ರದ ಮಟ್ಟಕ್ಕ ಕಡೀದೆ ಹಡಗನ್ನೇ ಮ್ಯಾಲಕ್ಕ ಎತ್ತತಾರ. ಹೊಳಿಗೆ ಅಡ್ಡ ಕಟ್ಟಿ ಗಾಟೂನ್ ಅಂತ ದೊಡ್ಡ ಕೆರಿ ಮಾಡ್ಯಾರ. ಮೂರು ಮೆಟ್ಟಿಲಿನ ಲಾಕ್ ಒಳಗ ಹಡಗು ಹೋಗಿ ನಿಲ್ತದ, ಗೇಟು ಮುಚ್ತಾರ, ಕೆರಿ ನೀರು ಬಿಡ್ತಾರ. ಹಡಗು ನಿಂತಲ್ಲೇ ಏರ್ತದ. 26 ಮೀಟರ್. ಪಂಪ್ ಇಲ್ಲ, ಮೋಟರ್ ಇಲ್ಲ. ಮ್ಯಾಲಿನ ನೀರು ತಾನ ಇಳೀತದ, ನಮ್ಮ ಹೊಲದ ತೂಬಿನಂಗ.

ನಾವು ಅದನ್ನ ದಾಟಿದ ದಿನ ನಾ ಕೈಯಾಗ ಕಸಬರಗಿ ಹಿಡಕೊಂಡೇ ಹತ್ತು ಮಿನಿಟು ಮ್ಯಾಲ ಓಡಿ ಹೋಗಿದ್ದೆ. ಕೆಳಗ ನೋಡಿದ್ರ ಒಂದು ಸಣ್ಣ ಹುಟ್ಟಿನ ದೋಣಿ. ಅದರಾಗ ಇಬ್ಬರು. ಅಷ್ಟು ದೊಡ್ಡ ಹಡಗಿಗೆ ಮೊದಲನೇ ಹಗ್ಗ ತಂದು ಕೊಡೂವರು ಇವರೇ. ದಂಡಿ ಮ್ಯಾಲ ಹಡಗನ್ನ ಹಿಡದು ಜಗ್ಗೂ ಕರೆಂಟಿನ ಇಂಜಿನ್ ಅದಾವ, ಆದ್ರ ಮೊದಲನೇ ಹಗ್ಗ ಮಾತ್ರ ಹುಟ್ಟು ಹಾಕೊಂತ ಬರ್ತದ. ನನಗ ಘಾಣಗಾಪುರ ಸಂಗಮದ ಹರಿಗೋಲು ನೆನಪಾಯ್ತು. ದೋಣಿಯವರಾಗ ಒಬ್ಬ ಮ್ಯಾಲ ನೋಡಿ ಕೈ ಮಾಡಿದ. ನಾನೂ ಕಸಬರಗಿ ಎತ್ತಿದೆ.

ಅಪ್ಪಗ ಹೇಳಬೇಕಾದ್ದು ಇನ್ನೊಂದದ. ಒಂದು ಹಡಗು ಈ ಕಡಿಯಿಂದ ಆ ಕಡಿ ದಾಟಿದ್ರ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲು. 2023ರಾಗ ಅಲ್ಲಿ ಮಳಿ ಕೈಕೊಟ್ಟು ಕೆರಿ ಇಳೀತು, ದಿನಕ್ಕ ಇಷ್ಟೇ ಹಡಗು ಅಂತ ಕಟ್ಟಳಿ ಮಾಡಿದ್ರು. ಉಪ್ಪುನೀರಿನ ಮ್ಯಾಲ ಓಡೂ ಹಡಗಿನ ದಂಧೆ ಮಳಿಗೆ ಕಾಯ್ಲಿಕತ್ತಿತು. ಅಪ್ಪ ಕೇಳಿದ್ರ "ಅಲ್ಲೂ ಟೇಲ್ ಎಂಡಿಗೆ ನೀರು ಮುಟ್ಟಲಿಲ್ಲೇನು?" ಅಂತಾನ, ಬರದಿಟ್ಕೋ.

ಮುಂದಿನ ಮಾತು ಅವ್ವಗ ಓದಬಹುದು, ಮೆತ್ತಗ ಓದು.

ನಾ ಸಮುದ್ರವನ್ನ ಖರೇ ನೋಡಿದ್ದು 2020ರಾಗ. ಮಾರ್ಚ್ ತಿಂಗಳು ಪ್ರವಾಸಿಗಳನ್ನೆಲ್ಲ ಇಳಿಸಿ ಹಡಗು ಖಾಲಿ ಆಯ್ತು, ನಾವಷ್ಟೇ ಉಳದ್ವಿ. ಯಾವ ಬಂದರದಾಗೂ ಇಳೀಗೊಡವಲ್ಲರು. ಅದೇ ದಿನದಾಗ ಕ್ರೂ ಮೆಸ್ಸಿನ ಟೀವಿ ಮ್ಯಾಲ ಕಲಬುರಗಿ ಅಂತ ಬಂತು. ಭಾರತದಾಗ ಕೊರೊನಾದ ಮೊದಲನೇ ಸಾವು ನಮ್ಮ ಕಲಬುರಗಿಯೊಳಗ. ಅಲ್ಲೀತನಕ ಗೋವಾದವರಿಗೆ, ಮಂಗಳೂರವರಿಗೆ ನಮ್ಮೂರು ಎಲ್ಲದ ಅಂತ ಹೇಳಿ ಹೇಳಿ ಸಾಕಾಗಿತ್ತು. ಅವತ್ತು ಎಲ್ಲರೂ ನನ್ನ ಮಾರಿ ನೋಡಿದ್ರು, ಒಬ್ಬ ತಾಟು ಎತ್ತಿಕೊಂಡು ದೂರ ಹೋಗಿ ಕುಂತ. ನಾ ಊರು ಬಿಟ್ಟು ಐದು ತಿಂಗಳಾಗಿತ್ತು, ಆದ್ರೂ.

ಆಮ್ಯಾಲ ಒಬ್ಬೊಬ್ಬರನ್ನ ಒಂದೊಂದು ಖೋಲಿಯೊಳಗ ಇರಿಸಬೇಕಾಯ್ತು. ಕೆಳಗ ಜಾಗ ಸಾಲಲಾರದ್ದಕ್ಕ ಪ್ರವಾಸಿಗಳ ಖೋಲಿ ಕೊಟ್ರು. ನನಗ ಬಿದ್ದದ್ದು ನಾನೇ ದಿನಾ ತಿಕ್ಕತಿದ್ದ ಖೋಲಿ, ಬಾಲ್ಕನಿ ಇದ್ದದ್ದು. ಊಟ ಬಾಗಿಲಿಗೆ ಇಡ್ತಿದ್ರು. ಮುಂಜಾನಿಂದ ಸಂಜಿತನಕ ಕುರ್ಚಿ ಹಾಕಿ ಸಮುದ್ರ ನೋಡೂದೇ. ಎರಡು ತಿಂಗಳಿನ ಮ್ಯಾಲ ನೋಡಿದೆ. ಮೊದಲನೇ ವಾರ ಹುಚ್ಚು ಖುಷಿ, ಆಮ್ಯಾಲ ಬ್ಯಾಸರ, ಆಮ್ಯಾಲ ಅಂಜಿಕಿ. ಏನೂ ಇರೂದಿಲ್ಲ ಅಕ್ಕಾ ಅದರಾಗ. ಗಿಡ ಇಲ್ಲ, ದನ ಇಲ್ಲ, ಕೂಗಿದ್ರ ಯಾರೂ ಓ ಅನ್ನೂದಿಲ್ಲ. ಮೋಡದ ನೆರಳು ಹಾದು ಹೋದ್ರ ಅದೇ ಅವತ್ತಿನ ಸುದ್ದಿ.

ಅವ್ವಗ ಹಿಂಗ ಹೇಳು. ಅದೇ ವರ್ಷ ಅಕ್ಟೋಬರಿನ್ಯಾಗ ಭೀಮಾ ಬಂದದ್ದು ನೆನಪದಲ್ಲ? ಕಟ್ಟಿ ಸಂಗಾವಿ ಹತ್ರ ನಿಂತು ನೋಡಿದ್ವಿ, ಆಚಿ ದಂಡಿ ಕಾಣಲಾರದಂಗ, ಜಾಲಿ ಗಿಡದ ತುದಿ ಅಷ್ಟೇ ಮ್ಯಾಲ. ಆ ತುದೀನೂ ಇಲ್ಲ ಅಂತ ತಿಳಕೋ. ಮಣ್ಣಿನ ಬಣ್ಣ ತೆಗದು ನೀಲಿ ಹಾಕು. ಸಪ್ಪಳ ಕಡಿಮಿ ಮಾಡು. ಅದು ಸಮುದ್ರ.

ಇಲ್ಲಿ ಹಂಗಿಲ್ಲ. ಹೊಳಿ ಬೋಟಿನ್ಯಾಗ ಎರಡೂ ಕಡಿ ಮಂದಿ ಅದಾರ. ಹಲ್ಲು ತಿಕ್ಕೂವರು, ಎಮ್ಮಿ ಮೈ ತೊಳಿಯೂವರು, ಹೆಣ ಸುಡೂವರು, ಮಕ್ಕಳು ದಂಡಿಗುಂಟ ಓಡಿ ಬಂದು ಟಾಟಾ ಮಾಡ್ತಾವ. ರಾತ್ರಿ ಬೋಟು ನಡಸೂದಿಲ್ಲ, ಲಂಗರು ಹಾಕಿ ನಿಲ್ತೀವಿ, ಅದಕ್ಕ ನಿದ್ದಿ ಆಗ್ತದ. ಪಗಾರ ಹಡಗಿನದಕ್ಕಿಂತ ಕಡಿಮಿ, ಅದು ಖರೇ. ಇಲ್ಲಿ ಬೋಟು ನಡಸಾಂವಗ ಸುಕಾನಿ ಅಂತಾರ, ಅವರ ಮ್ಯಾಲಿನವ ಸಾರಂಗ. ನಮ್ಮ ಸುಕಾನಿ ಬಿಹಾರದ ಮುಂಗೇರ ಕಡಿಯಾಂವ, ಗಂಗಾದಾಗೇ ಹುಟ್ಟಿ ಬೆಳದಾಂವ. ಈ ಹೊಳಿಯೊಳಗ ನಕಾಶೆ ನಂಬಿ ನಡೀಲಿಕ್ಕಾಗೂದಿಲ್ಲ. ಹೋದ ಸಲ ನೀರಿದ್ದಲ್ಲಿ ಈ ಸಲ ಉಸುಕು. ಸರಕಾರದವರು ಬಿದಿರಿನ ತಟ್ಟಿ ನೆಟ್ಟು ನೀರನ್ನ ಒಂದು ಕಡಿ ತಿರುಗಿಸಿ ಆಳ ಮಾಡ್ತಾರ, ಆದ್ರೂ ಖಲಾಸಿ ಮುಂದ ನಿಂತು ಗಳ ಇಳಿಸಿ ಆಳ ಕೂಗಿ ಹೇಳಬೇಕು. ಮೂರು ದಿನದ ಹಿಂದ ಅವನ ಕೂಗು ಕೇಳೂದ್ರಾಗ ಬೋಟು ಉಸುಕಿಗೆ ಕುಂತೇ ಬಿಟ್ಟಿತು. ನಾಕು ತಾಸು. ಪ್ರವಾಸಿಗಳು ಫೋಟೋ ತಕ್ಕೊಂಡ್ರು, ಸುಕಾನಿ ತಂಬಾಕು ತಿಕ್ಕೊಂತ "ಗಂಗಾಮಾಯಿ ತಾನ ಬಿಡ್ತಾಳ" ಅಂದ. ಬಿಟ್ಟಳು.

ನಿನ್ನೆ ಎಳ್ಳಮಾಸಿ. ಮುರ್ಶಿದಾಬಾದ ಹತ್ರ ಬರಾನಗರ ಅಂತ ಹಳ್ಳಿಯೊಳಗ ನಿಂತಿದ್ವಿ. 18ನೇ ಶತಮಾನದಾಗ ರಾಣಿ ಭವಾನಿ ಕಟ್ಟಿಸಿದ ಇಟ್ಟಂಗಿ ಗುಡಿಗಳು ಅಲ್ಲದಾವ, ಸುಟ್ಟ ಮಣ್ಣಿನ ಮ್ಯಾಲ ರಾಮಾಯಣದ ಚಿತ್ರ. ಪ್ರವಾಸಿಗಳು ಅದನ್ನ ನೋಡ್ಲಿಕ್ಕೆ ಹೋದ್ರು. ನಾ ನೋಡಿದ್ದು ಗುಡಿ ಹಿಂದಿನ ಸಾಸಿವಿ ಹೊಲ. ಹಳದಿ ಅಂದ್ರ ಹಳದಿ. ಅದರ ಬಾಜೂಕ ಕಡ್ಲಿ. ಈ ಹೊತ್ತಿಗೆ ನೀವೆಲ್ಲ ಗಾಡಿ ಕಟ್ಟಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗಿ ಬುಟ್ಟಿಯೊಳಗ ಇಟಗೊಂಡು ಹೊಲಕ್ಕ ಹೊಂಟಿರ್ತೀರಿ ಅಂತ ನೆನೆಸಿದ್ದೇ ತಡ, ಬೋಟಿಗೆ ಓಡಿ ಹೋದೆ. ಅಡಗಿಮನಿಯೊಳಗ ಜ್ವಾಳ ಎಲ್ಲಿಂದ ಬರಬೇಕು? ಮುಂಜಾನಿ ಉಳದ ಖಿಚಡಿ ಇತ್ತು. ಅದನ್ನೇ ಒಂದು ಗಂಗಾಳದಾಗ ಹಾಕಿ ಮ್ಯಾಲ ಬೆಲ್ಲ ಪುಡಿ ಮಾಡಿ ತಂದೆ.

ಚರಗ ಚೆಲ್ಲಿದೆ ಅಕ್ಕಾ. ಅಪ್ಪ ಕೂಗಿದಂಗೇ ಕೂಗಿಕೊಂತ ಚೆಲ್ಲಿದೆ. ಎರಡು ಸಾಲು ಆಗಿರಲಿಲ್ಲ, ಹೊಲದ ಮಾಲಕ ಲುಂಗಿ ಎತ್ತಿ ಕಟ್ಟಿಕೊಂತ ಬಂದ. ಅಂವಗ ಬಂಗಾಲಿ, ನನಗ ಮುರುಕು ಹಿಂದಿ. ತನ್ನ ಹೊಲದಾಗ ಅನ್ನ ಯಾಕ ಒಗೀಲಿಕತ್ತಾನ ಅಂತ ಅಂವಗ ಸಿಟ್ಟು. ಸುಕಾನಿ ನಡುವ ಬಂದು ಹೇಳಿದ: ಇವರ ದೇಶದಾಗ ಇವತ್ತು ಭೂಮಿತಾಯಿಗೆ ಉಣಸ್ತಾರಂತ. ಮುದುಕ ಸುಮ್ಮನ ನಿಂತು ನನ್ನ ಗಂಗಾಳ ನೋಡಿದ. ಆಮ್ಯಾಲ ಕೈ ಹಿಡದು ಹೊಲದ ಆ ಮೂಲಿಗೆ ಕರಕೊಂಡು ಹೋದ. ಅಲ್ಲಿ ಕಡ್ಲಿ ಸರಿ ನಾಟಿರಲಿಲ್ಲ, ತೇಪಿ ತೇಪಿ. ಇಲ್ಲೂ ಹಾಕು ಅಂತ ಕೈ ಮಾಡಿದ. ಉಳದದ್ದೆಲ್ಲ ಅಲ್ಲೇ ಸುರದೆ.

ಬರೂ ತಿಂಗಳು ಯಾರರೆ ಕೋಲ್ಕತ್ತಾಕ್ಕ ಬರೂವರಿದ್ರ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಳಿಸು. ರೊಟ್ಟಿ ಡಬ್ಬಿಯೊಳಗ ಬಿಗಿಯಾಗಿ ಇಡು, ಹೋದ ಸಲ ಎಲ್ಲಾ ಪುಡಿ ಆಗಿ ಬಂದಿದ್ವು. ಸುಕಾನಿಗೆ ರುಚಿ ತೋರಿಸೀನಿ, ಹಲ್ಲು ಹಲ್ಲು ಅಂತಾನ, ಆದ್ರ ದಿನಾ ಕೇಳ್ತಾನ.

ಒಂದು ಮಾತು ಉಳೀತು. ಬರಾನಗರದಿಂದ ಫರಕ್ಕಾಕ್ಕ ಬರಬೇಕಾದ್ರ ಕಡೀಕ ಹೊಳಿ ಬಿಟ್ಟು ಫೀಡರ್ ಕೆನಾಲ್ ಹಿಡೀಬೇಕು, 38 ಕಿಲೋಮೀಟರ್. ಕೋಲ್ಕತ್ತಾ ಬಂದರದಾಗ ಹೂಳು ತುಂಬಬಾರದು ಅಂತ 1975ರಾಗ ಇಲ್ಲಿ ಬ್ಯಾರೇಜ್ ಶುರು ಮಾಡಿ ಗಂಗಾ ನೀರು ಈ ಕಾಲುವಿಗೆ ಬಿಟ್ಟಾರ, 40,000 ಕ್ಯೂಸೆಕ್ ಹರಿಯೂವಂಥದ್ದು. ನಮ್ಮ ಕೆನಾಲಿನಂಗೇ ಎರಡೂ ಕಡಿ ಒಡ್ಡು, ನೆಟ್ಟಗ, ಎದುರಿಗೆ ಯಾವ ಬಾರ್ಜೂ ಇರಲಿಲ್ಲ. ಇವತ್ತು ಮುಂಜಾನಿ ಸುಕಾನಿಗೆ ಚಹಾ ಕೊಡ್ಲಿಕ್ಕೆ ಹೋದೆ. ಅಂವಾ ಕಪ್ ತಕ್ಕೊಂಡು, "ನಿನ್ನೆ ಗಂಗಾಮಾಯಿ ದಂಡಿಗೆ ಉಣಿಸೀದಿ, ಬಾ ಇಲ್ಲಿ" ಅಂದ. ಬಾಜೂಕೇ ನಿಂತು ನನ್ನ ಕೈಯಾಗ ಚಕ್ರ ಕೊಟ್ಟ. ಹತ್ತು ಮಿನಿಟು. ಅಂವಾ ಚಹಾ ಮುಗಿಸೂತನಕ. ಚಕ್ರ ತಿರುವಿದ ಮ್ಯಾಲ ಬೋಟು ಒಂದು ಘಳಿಗಿ ವಿಚಾರ ಮಾಡಿ ಆಮ್ಯಾಲ ತಿರಗತದ, ಮುದಿ ಎತ್ತಿನಂಗ.

ಲಾಕಿನ ಗೇಟು ತೆಗೀಲಿಕತ್ಯಾರ, ಹಗ್ಗ ಹಿಡೀಲಿಕ್ಕೆ ಕರೀಲಿಕತ್ಯಾರ. ಈ ಕಡೀ ಭಾಗ ಅವ್ವಗ ಎರಡು ಸಲ ಓದು.

ನಿನ್ನ ತಮ್ಮ